ಕೌದಿ ಬಟ್ಟೆ ಕೊಳ್ಳುವ ಮುನ್ನ ಕಾಲು ಮೀಟರ್ ತೊಳೆದು ನೋಡಿ

ಕಳೆದ ಶ್ರಾವಣದಲ್ಲಿ ನನ್ನ ಚಿಕ್ಕಮ್ಮನ ಮಗಳು ಚಿಕ್ಕಮಗಳೂರಿನಿಂದ ಒಂದು ಕೌದಿ ಹೊತ್ತುಕೊಂಡು ಹಾಸನಕ್ಕೆ ಬಂದಳು. ನಾಲ್ಕು ತಿಂಗಳು ಕೂತು ಕೈಯಲ್ಲೇ ಹೊಲಿದದ್ದು. ಹೊಲಿಗೆ ಅಕ್ಕಿಕಾಳು ಜೋಡಿಸಿದ ಹಾಗಿತ್ತು. ಆದರೆ ಮೊದಲ ಒಗೆತಕ್ಕೇ ಕೆಂಪು ತುಂಡುಗಳ ಬಣ್ಣ ಪಕ್ಕದ ಬಿಳಿ ತುಂಡುಗಳಿಗೆ ಇಳಿದುಬಿಟ್ಟಿತ್ತು. ಕೆಲವು ಚೌಕಗಳು ಕುಗ್ಗಿ, ಅವುಗಳ ಸುತ್ತಲಿನ ಬಟ್ಟೆ ಸುಕ್ಕುಗಟ್ಟಿ ಎದ್ದಿತ್ತು. "ಅಂಗಡಿಯಲ್ಲಿ ಮುಟ್ಟಿ ಮುಟ್ಟಿ ನೋಡೇ ತಂದೆ ಅಕ್ಕ, ಎಷ್ಟು ಗಟ್ಟಿಯಾಗಿತ್ತು ಗೊತ್ತಾ!" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಅವಳು ಮುಟ್ಟಿದ ಆ ಗಟ್ಟಿತನ ಬಟ್ಟೆಯದ್ದಲ್ಲ, ಗಂಜಿಯದ್ದು. ಎಷ್ಟೋ ವರ್ಷದಿಂದ ಮನೆಯಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದೇನೆ. ಕೌದಿ ಕೆಟ್ಟಿದ್ದನ್ನು ನಾನು ಕಂಡಾಗಲೆಲ್ಲ ತಪ್ಪು ಸೂಜಿ ಹಿಡಿಯುವ ಮೊದಲೇ, ಅಂಗಡಿಯಲ್ಲಿ ಆಗಿರುತ್ತದೆ. ದುಬಾರಿ ಬಟ್ಟೆ ಕೊಂಡವರ ಕೌದಿಯೂ ಕೆಟ್ಟಿದೆ, ಕಡಿಮೆ ದುಡ್ಡಿನ ಪಾಪ್ಲಿನ್‌ನಲ್ಲಿ ಹೊಲಿದ ಕೌದಿ ಹತ್ತು ವರ್ಷ ಬಾಳಿದ್ದೂ ಇದೆ. ಹಾಗಾಗಿ ಬೆಲೆ ನೋಡಿ ಬಟ್ಟೆ ಅಳೆಯಬೇಡಿ.

ಮೊದಲು ಲೆಕ್ಕ

ಒಬ್ಬರು ಹೊದೆಯುವ ಕೌದಿ ಅಂದುಕೊಳ್ಳೋಣ. ಅಗಲ 54 ಇಂಚು, ಉದ್ದ 78 ಇಂಚು. ಹೊಲಿದ ಮೇಲೆ 6 ಇಂಚು ಬರುವ ಚೌಕಗಳಾದರೆ ಅಡ್ಡಕ್ಕೆ 9, ಉದ್ದಕ್ಕೆ 13, ಒಟ್ಟು 117. ಹೊಲಿಗೆಗೆ ಸುತ್ತಲೂ ಕಾಲಿಂಚು ಬಿಟ್ಟು ಆರೂವರೆ ಇಂಚಿಗೆ ಕತ್ತರಿಸಬೇಕು. 44 ಇಂಚು ಪನ್ನಾದ, ಅಂದರೆ ಅಗಲದ, ಬಟ್ಟೆಯಲ್ಲಿ ಅಡ್ಡಕ್ಕೆ 6 ಚೌಕ ಬರುತ್ತವೆ. ಐದು ಬಣ್ಣ ಆರಿಸಿ, ಒಂದೊಂದರಲ್ಲಿ ಮುಕ್ಕಾಲು ಮೀಟರ್ ತಂದರೆ, ಒಂದೊಂದರಲ್ಲಿ 24 ಚೌಕ, ಒಟ್ಟು 120. ಮೂರು ಮಿಗುತ್ತವೆ, ಅವು ಬೇಕಾಗುತ್ತವೆ. ಕೌದಿಯ ಕೆಳಬದಿಗೆ ಹಾಕುವ ಅಡಿ ಬಟ್ಟೆಗೆ ಮೂರೂಕಾಲು ಮೀಟರ್ ತಂದು ಎರಡು ತುಂಡು ಮಾಡಿ, ಅಂಚಿಗೆ ಅಂಚು ಸೇರಿಸಿ ಹೊಲಿದರೆ ಸಾಕು. ಒಟ್ಟು 7 ಮೀಟರ್ ಆಯಿತು. ಕುಗ್ಗುವುದಕ್ಕೂ ಇದರಲ್ಲೇ ಬಿಟ್ಟಿದ್ದೇನೆ.

ಬೆಲೆ ಕೇಳುವಾಗ ಪನ್ನಾ ಕೇಳದೆ ಇರಬೇಡಿ. 36 ಇಂಚು ಪನ್ನಾದ್ದು ಮೀಟರಿಗೆ 80 ರೂಪಾಯಿ, 44 ಇಂಚಿನದ್ದು 90 ರೂಪಾಯಿ ಅಂತಿಟ್ಟುಕೊಳ್ಳಿ. ಕೇಳುವುದಕ್ಕೆ ಮೊದಲನೆಯದು ಅಗ್ಗ. ಲೆಕ್ಕ ಹಾಕಿದರೆ ಎರಡನೆಯದೇ ಅಗ್ಗ, ಯಾಕೆಂದರೆ 36 ಇಂಚಿನಲ್ಲಿ ಅಡ್ಡಕ್ಕೆ 5 ಚೌಕ ಮಾತ್ರ ಬರುತ್ತವೆ. 44 ಅಂತ ಹೇಳಿ 42 ಕೊಡುವ ತಾನುಗಳೂ (ಅಂಗಡಿಯಲ್ಲಿ ಸುತ್ತಿಟ್ಟ ಇಡೀ ಬಟ್ಟೆ) ಇವೆ. ಟೇಪು ಚೀಲದಲ್ಲೇ ಇರಲಿ.

ಅಂಗಡಿಯಲ್ಲಿ

ಕೌದಿಗೆ ಬೇಕಾದದ್ದು ಹತ್ತಿ ಬಟ್ಟೆ. ಪಾಪ್ಲಿನ್ ಅಥವಾ ಕೇಂಬ್ರಿಕ್ ಅಂತ ಕೇಳಿ. ರವಿಕೆಗೆ ಕೊಡುವ ಟೂ ಬೈ ಟೂ ರೂಬಿಯಾ ಅಪ್ಪಟ ಹತ್ತಿಯದ್ದು ಸಿಕ್ಕರೆ ಅದೂ ಆಗುತ್ತದೆ. ಆದರೆ ಅದರ ಹೆಸರಲ್ಲಿ ಬೆರಕೆಯೂ ಬರುತ್ತಿದೆ. ಮಲ್‌ಮಲ್ ಮಗುವಿನ ಕೌದಿಗೆ ಸರಿ, ದೊಡ್ಡವರ ಕೌದಿಗೆ ತೀರಾ ತೆಳು. ರೇಯಾನ್ ಬೇಡವೇ ಬೇಡ. ಮುಟ್ಟಿದರೆ ಬೆಣ್ಣೆಯ ಹಾಗಿರುತ್ತದೆ, ಕತ್ತರಿಸುವಾಗ ಜಾರುತ್ತದೆ, ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಸ್ಯಾಟಿನ್, ಕ್ರೇಪ್, ಜರಿಯ ತುಂಡುಗಳನ್ನು ಚಂದಕ್ಕೆಂದು ನಡುವೆ ಸೇರಿಸುವವರಿದ್ದಾರೆ. ಅವು ಅಂಚಲ್ಲಿ ಎಳೆ ಬಿಟ್ಟು ಹೊಲಿಗೆಯೇ ಬಾಯಿ ಬಿಡುತ್ತದೆ.

ತಾನು ಬಿಚ್ಚಿಸಿ. ಸಂಕೋಚ ಬೇಡ. ಒಂದು ಮಡಿಕೆ ಬೆಳಕಿಗೆ ಹಿಡಿಯಿರಿ. ಟ್ಯೂಬ್‌ಲೈಟಿಗಲ್ಲ, ಬಾಗಿಲ ಹತ್ತಿರ ಬಂದು ಹಗಲಿನ ಬೆಳಕಿಗೆ. ಹಾಸು ಅಂದರೆ ಉದ್ದದ ಎಳೆ, ಹೊಕ್ಕು ಅಂದರೆ ಅಡ್ಡದ ಎಳೆ, ಎರಡೂ ಸಮವಾಗಿ ಕಾಣಬೇಕು. ಒಂದು ಕಡೆ ದಟ್ಟ, ಇನ್ನೊಂದು ಕಡೆ ಜರಡಿ ಥರ ಇದ್ದರೆ ವಾಪಸ್ ಕೊಡಿ. ಆಮೇಲೆ ಬಟ್ಟೆಯ ಮೂಲೆಯನ್ನು ಎರಡು ಕೈಯಲ್ಲಿ ಹಿಡಿದು, ಒಗೆಯುವಾಗ ಉಜ್ಜುವ ಹಾಗೆ ಹತ್ತು ಸಲ ಜೋರಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ, ಉಜ್ಜಿದ ಜಾಗ ಮೆತ್ತಗಾಗಿ ಜೋಲು ಬಿದ್ದರೆ, ನೀವು ದುಡ್ಡು ಕೊಡುತ್ತಿರುವುದು ಗಂಜಿಗೆ. ಉಗುರಿನಿಂದ ಒಮ್ಮೆ ಗೀರಿ ನೋಡಿ. ಎಳೆಗಳು ಪಕ್ಕಕ್ಕೆ ಸರಿದು ಗೀರು ಹಾಗೇ ಉಳಿದರೆ ನೇಯ್ಗೆ ಸಡಿಲ, ನಾಳೆ ಹೊಲಿಗೆಯ ಹತ್ತಿರವೂ ಹೀಗೇ ಸರಿಯುತ್ತದೆ.

ಹಾಗಂತ ತೀರಾ ಬಿಗಿ ನೇಯ್ಗೆಯೂ ಬೇಡ. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಬೆಡ್‌ಶೀಟ್ ತಯಾರಿಸುವ ದೊಡ್ಡ ಕಾರ್ಖಾನೆ ಇರುವುದರಿಂದಲೋ ಏನೋ, ನಮ್ಮೂರಲ್ಲಿ ಥ್ರೆಡ್ ಕೌಂಟ್ (ಒಂದು ಚದರ ಇಂಚಿನಲ್ಲಿ ಹಾಸು ಹೊಕ್ಕು ಸೇರಿ ಎಷ್ಟು ಎಳೆ ಅನ್ನುವ ಲೆಕ್ಕ) ಮಾತು ಎಲ್ಲರ ಬಾಯಲ್ಲೂ ಇದೆ. 300 ಎಳೆಯ ಬೆಡ್‌ಶೀಟ್ ಮಲಗುವುದಕ್ಕೆ ಸುಖ, ಕೈ ಹೊಲಿಗೆಗೆ ಕಷ್ಟ. ಮೂರು ನಾಲ್ಕು ಪದರ ದಾಟುವ ಹೊತ್ತಿಗೆ ಬೆರಳ ತುದಿ ಉರಿಯುತ್ತದೆ. ಕೌದಿಗೆ ಇಂಚಿಗೆ ಹಾಸಿನಲ್ಲಿ 60ರಿಂದ 75 ಎಳೆ, ಹೊಕ್ಕಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಸಾಕು. ಫೋನಿನ ಕ್ಯಾಮೆರಾ ಹಿಗ್ಗಿಸಿ, ಅರ್ಧ ಇಂಚಿನಲ್ಲಿ ಗುಂಡುಸೂಜಿಯಿಂದ ಎಣಿಸಿ ಎರಡರಿಂದ ಗುಣಿಸಿದರೆ ಗೊತ್ತಾಗುತ್ತದೆ.

ಚೌಕುಳಿ, ಗೆರೆಯ ಪ್ರಿಂಟು ಇದ್ದರೆ ಇನ್ನೊಂದು ವಿಷಯ. ಬಟ್ಟೆಯನ್ನು ಕತ್ತರಿಸದೆ ಹರಿದು ಕೊಡಲು ಹೇಳಿ. ಹತ್ತಿ ಬಟ್ಟೆ ಎಳೆಯ ದಾರಿಯಲ್ಲೇ ನೇರ ಹರಿಯುತ್ತದೆ. ಹರಿದ ಅಂಚಿಗೂ ಪ್ರಿಂಟಿನ ಗೆರೆಗೂ ಒಂದು ಇಂಚು ವ್ಯತ್ಯಾಸ ಬಂದರೆ ಆ ಪ್ರಿಂಟು ಓರೆ ಬಿದ್ದಿದೆ. ಚೌಕ ನೇರ ಕತ್ತರಿಸಿದರೆ ಗೆರೆ ಸೊಟ್ಟ, ಗೆರೆ ನೇರ ಇಟ್ಟರೆ ಚೌಕ ಸೊಟ್ಟ.

ಈಗ ಮುಖ್ಯವಾದ ಮಾತು. ಇಷ್ಟೆಲ್ಲ ನೋಡಿದ ಮೇಲೂ 7 ಮೀಟರ್ ಕೊಳ್ಳಬೇಡಿ. ಒಂದೊಂದು ಬಣ್ಣದಲ್ಲಿ ಕಾಲು ಮೀಟರ್ ಮಾತ್ರ ಹರಿಸಿಕೊಳ್ಳಿ. "ಬಣ್ಣ ಹೋಗಲ್ಲ ಅಕ್ಕ, ಗ್ಯಾರಂಟಿ" ಅನ್ನುತ್ತಾರೆ. ಅನ್ನಲಿ. ತಾನಿನ ಅಂಚಿನಲ್ಲಿ ಅಚ್ಚಾಗಿರುವ ಹೆಸರು, ನಂಬರಿನ ಫೋಟೋ ತೆಗೆದುಕೊಂಡು, ಎರಡು ದಿನ ಬಿಟ್ಟು ಬರುತ್ತೇನೆ ಅಂತ ಹೇಳಿ ಬನ್ನಿ.

ಮನೆಯಲ್ಲಿ, ಆ ಎರಡು ದಿನ

ಇಲ್ಲಿ ಅವಸರ ಮಾಡಿದವರೇ ನನ್ನ ಹತ್ತಿರ ಕೌದಿ ಹೊತ್ತು ಬರುವುದು. ದಯವಿಟ್ಟು ನಿಧಾನವಾಗಿ ಓದಿ.

ಮೊದಲು ಎಳೆ ಸುಟ್ಟು ನೋಡಿ. ಕಾಲು ಮೀಟರ್ ತುಂಡಿನಿಂದ ಉದ್ದದ ಎಳೆ ಐದಾರು, ಅಡ್ಡದ ಎಳೆ ಐದಾರು ಬಿಡಿಸಿ, ಬೇರೆ ಬೇರೆಯಾಗಿ ಹೊಸೆದುಕೊಳ್ಳಿ. ಬೇರೆ ಬೇರೆ ಯಾಕೆಂದರೆ ಕೆಲವು ಬಟ್ಟೆಯಲ್ಲಿ ಹಾಸು ಪಾಲಿಯೆಸ್ಟರ್, ಹೊಕ್ಕು ಹತ್ತಿ ಇರುತ್ತದೆ. ಒಂದನ್ನೇ ಸುಟ್ಟರೆ ಮೋಸ ಹೋಗುತ್ತೀರಿ. ಫ್ಯಾನ್ ಆರಿಸಿ, ಮಕ್ಕಳನ್ನು ದೂರ ಇರಿಸಿ, ಸ್ಟೀಲ್ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ತಕ್ಷಣ ಹತ್ತಿಕೊಂಡು ಉರಿಯುತ್ತದೆ, ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಮುಟ್ಟಿದರೆ ವಿಭೂತಿಯ ಹಾಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆಂಕಿ ಕಂಡರೆ ಮುದುಡಿ ಕರಗುತ್ತದೆ, ತಣ್ಣಗಾದ ಮೇಲೆ ತುದಿಯಲ್ಲಿ ಕಪ್ಪು ಗಟ್ಟಿ ಮಣಿ ಉಳಿಯುತ್ತದೆ. ಬೂದಿಯೂ ಇದೆ, ಮಣಿಯೂ ಇದೆ ಅಂದರೆ ಬೆರಕೆ.

ರೇಯಾನ್ ಕೂಡ ಹತ್ತಿಯ ಹಾಗೇ ಉರಿಯುತ್ತದೆ, ಬೆಂಕಿಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಎಳೆಯ ನಡುಭಾಗವನ್ನು ನೀರಿನಲ್ಲಿ ನೆನೆಸಿ ಎಳೆಯಿರಿ. ಒದ್ದೆಯಾದ ಕಡೆಯೇ ಸುಲಭವಾಗಿ ಕಿತ್ತುಬಂದರೆ ರೇಯಾನ್. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ.

ಈಗ ಕುಗ್ಗುವ ಪರೀಕ್ಷೆ. ತುಂಡಿನ ಮೇಲೆ 20 ಸೆಂಟಿಮೀಟರ್ ಚೌಕವನ್ನು ಬೇರೆ ಬಣ್ಣದ ನೂಲಿನಲ್ಲಿ ಗುರುತು ಹೊಲಿಯಿರಿ. ಪೆನ್ನಿನ ಗುರುತು ಅಳಿಸುತ್ತದೆ. ಕೈ ತಡೆಯುವಷ್ಟು ಬಿಸಿನೀರಿಗೆ ನೀವು ದಿನಾ ಹಾಕುವ ಸೋಪಿನ ಪುಡಿ ಹಾಕಿ, ಅರ್ಧ ಗಂಟೆ ನೆನೆಸಿ, ಒಗೆದು, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. 20 ಇದ್ದದ್ದು 19ಕ್ಕೆ ಬಂದರೆ ನೂರಕ್ಕೆ 5 ಕುಗ್ಗಿದೆ. ಅಲ್ಲಿಯವರೆಗೆ ಒಪ್ಪಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಕುಗ್ಗುವುದನ್ನು ನಾನು ಎಷ್ಟೇ ಅಗ್ಗವಾದರೂ ತರುವುದಿಲ್ಲ. ಗಂಜಿ ಹೋದ ಮೇಲೆ ಬಟ್ಟೆಯ ನಿಜವಾದ ಮೈ ಕೂಡ ಈಗಲೇ ಕಾಣುವುದು. ಅದನ್ನು ಮತ್ತೊಮ್ಮೆ ಬೆಳಕಿಗೆ ಹಿಡಿಯಿರಿ.

ಕೊನೆಗೆ ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಸಲ ಉಜ್ಜಿ, "ಬಣ್ಣ ಬಿಡಲ್ಲ" ಅಂತ ತೀರ್ಮಾನ ಮಾಡುತ್ತಾರೆ. ಬಯಲುಸೀಮೆಯ ಬಿಸಿಲಲ್ಲಿ ಅಷ್ಟೇ ಸಾಕೇನೋ. ನಮ್ಮ ಕಡೆಗೆ ಸಾಲದು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಜಡಿಮಳೆಯಲ್ಲಿ ಒಗೆದ ಕೌದಿ ಒಣಗಲು ಎರಡು ಮೂರು ದಿನ ಬೇಕು. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಮಡಿಸಿ ಹಾಕಿರುತ್ತೇವೆ. ಅಷ್ಟು ಹೊತ್ತೂ ಕೆಂಪು ತುಂಡು ಬಿಳಿ ತುಂಡಿಗೆ ಒತ್ತಿಕೊಂಡು ಒದ್ದೆಯಾಗಿಯೇ ಇರುತ್ತದೆ. ಬಣ್ಣ ಇಳಿಯುವುದು ಆಗ. ನನ್ನ ಚಿಕ್ಕಮ್ಮನ ಮಗಳ ಕೌದಿಗೆ ಆದದ್ದೂ ಇದೇ.

ಅದಕ್ಕೆ ಪರೀಕ್ಷೆಯೂ ಹಾಗೇ ಇರಬೇಕು. ಒಂದು ಸಲ ಒಗೆದ ಬಣ್ಣದ ತುಂಡನ್ನು ಮತ್ತೆ ಒದ್ದೆ ಮಾಡಿ, ಹಳೆಯ ಬಿಳಿ ಪಂಚೆಯ ತುಂಡನ್ನೂ ಒದ್ದೆ ಮಾಡಿ, ಎರಡನ್ನೂ ಜೊತೆಗೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ. ಇಡೀ ರಾತ್ರಿ ಇರಲಿ. ಬೆಳಿಗ್ಗೆ ಬಿಚ್ಚಿದಾಗ ಪಂಚೆ ಬಿಳಿಯಾಗೇ ಇದ್ದರೆ ಆ ಬಟ್ಟೆ ಕೊಳ್ಳಿ. ತುಸು ಗುಲಾಬಿ ಬಂದಿದ್ದರೆ ಇನ್ನೂ ಎರಡು ಸಲ ಬಿಸಿನೀರಿನಲ್ಲಿ ಒಗೆದು ಮತ್ತೆ ಇದೇ ಪರೀಕ್ಷೆ ಮಾಡಿ. ಮೂರನೇ ಒಗೆತದ ಮೇಲೂ ಇಳಿದರೆ ಅದು ಕೌದಿಗೆ ಬೇಡ. ಕೆಂಪು, ಮೆರೂನ್, ಕಪ್ಪು, ಗಾಢ ನೀಲಿ, ಕಲಂಕಾರಿ ಮತ್ತು ಅಜ್ರಕ್ ಥರದ ಪ್ರಿಂಟುಗಳಿಗೆ ಇದನ್ನು ತಪ್ಪಿಸಲೇಬೇಡಿ.

ಉಪ್ಪು ನೀರಿನಲ್ಲಿ, ವಿನೆಗರ್‌ನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರು ಬಹಳ. ಉಪ್ಪು ಕೆಲಸಕ್ಕೆ ಬರುವುದು ಬಣ್ಣ ಹಾಕುವ ಹೊತ್ತಿನಲ್ಲಿ, ನೂಲು ಬಣ್ಣ ಹೀರಿಕೊಳ್ಳಲಿ ಅಂತ. ಸರಿಯಾಗಿ ಹಿಡಿಯದೆ ಬಂದ ಬಣ್ಣವನ್ನು ಅಡುಗೆಮನೆಯ ಉಪ್ಪು ಹಿಡಿಸುವುದಿಲ್ಲ. ಮಿಕ್ಕ ಬಣ್ಣ ಹೋಗುವವರೆಗೆ ಒಗೆಯುವುದೊಂದೇ ದಾರಿ.

ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತದೆ?

ಕಟ್‌ಪೀಸ್ ಅಂಗಡಿ ನನಗೆ ಮೊದಲ ಜಾಗ. ತಾನಿನ ಕೊನೆಯ ಮುಕ್ಕಾಲು, ಒಂದು ಮೀಟರ್ ತುಂಡುಗಳು ಅಲ್ಲಿ ಕಡಿಮೆಗೆ ಸಿಗುತ್ತವೆ, ಕೌದಿಗೆ ಅಳತೆ ಮಾಡಿಸಿದ ಹಾಗೆ. ಆದರೆ ಕಾಲು ಮೀಟರ್ ತಂದು ನೋಡಿ ವಾಪಸ್ ಹೋಗುವಷ್ಟರಲ್ಲಿ ಆ ತುಂಡು ಇರುವುದಿಲ್ಲ. ಅಲ್ಲಿ ತಿಳಿ ಬಣ್ಣಗಳನ್ನೇ ಆರಿಸಿ, ಗಾಢ ಬಣ್ಣಕ್ಕೆ ತಾನಿನ ಅಂಗಡಿಗೇ ಹೋಗಿ. ಆಷಾಢದ ರಿಯಾಯಿತಿಯಲ್ಲಿ ಕೊಳ್ಳುವುದು ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಒಗೆದು ಒಣಗದೆ ಮುಗ್ಗಲು ವಾಸನೆ ಬರಿಸಿಕೊಳ್ಳಬೇಡಿ. ಹಾಗೇ ಇಟ್ಟು, ದಸರಾ ಬಿಸಿಲಿಗೆ ಒಗೆಯಿರಿ. ಖಾದಿ ಇಷ್ಟಪಡುವವರು ಅಕ್ಟೋಬರ್ 2ರ ಹೊತ್ತಿಗೆ ಸಿಗುವ ರಿಯಾಯಿತಿಗೆ ಕಾಯಬಹುದು. ಖಾದಿ ಜಾಸ್ತಿ ಕುಗ್ಗುತ್ತದೆ, ಎರಡು ಸಲ ಒಗೆಯದೆ ಕತ್ತರಿ ಹಾಕಬೇಡಿ.

ಗಾರ್ಮೆಂಟ್ಸ್ ತುಂಡುಗಳನ್ನು ಸಂತೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ಮಾರುತ್ತಾರೆ. ನಾನೂ ತಂದಿದ್ದೇನೆ. ಮನೆಗೆ ತಂದು ವಿಂಗಡಿಸಿದಾಗ ಅರ್ಧ ಪಾಲು ಲೈಕ್ರಾ, ಬನಿಯನ್ ಬಟ್ಟೆ. ಹಿಗ್ಗುವ ಬಟ್ಟೆ ಕೌದಿಗೆ ಬರುವುದಿಲ್ಲ. ಆರಿಸಿಕೊಳ್ಳಲು ಬಿಟ್ಟರೆ ಮಾತ್ರ ತನ್ನಿ, ಕಟ್ಟಿದ ಮೂಟೆ ಬೇಡ. ಗ್ಲೇಸ್ ಕಾಟನ್ ಅಂತ ಹೊಳೆಯುವ ಬೆಡ್‌ಶೀಟ್ ಮಾರುತ್ತಾರಲ್ಲ, ಅದರಲ್ಲಿ ಹಲವು ಸಲ ಕಾಟನ್ ಇರುವುದು ಹೆಸರಿನಲ್ಲಿ ಮಾತ್ರ. ಅಡಿ ಬಟ್ಟೆಗೆ ಸುಲಭ ಅಂತ ಅದನ್ನು ಹಾಕಿದರೆ ಕೌದಿ ಮೈ ಮೇಲೆ ನಿಲ್ಲದೆ ಜಾರುತ್ತದೆ.

ಮನೆಯ ಹಳೆ ನೈಟಿ, ಲುಂಗಿ, ಕಾಟನ್ ಸೀರೆಗಳಿಗೆ ದುಡ್ಡೇ ಬೇಡ. ಬಣ್ಣ ಬಿಡುವುದೆಲ್ಲ ಬಿಟ್ಟು, ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ. ಎರಡು ಹೆಬ್ಬೆರಳು ಒತ್ತಿ ಎಳೆದಾಗ ಚರ್ ಅನ್ನದಿದ್ದರೆ ಉಪಯೋಗಿಸಿ. ಆದರೆ ಮೇಲ್ಪದರದಲ್ಲಿ ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. ಹೊಸ ಬಟ್ಟೆಯ ಬಲಕ್ಕೆ ಹಳೆಯದು ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಹಳೆ ಸೀರೆ ಒಳಗಿನ ಪದರಕ್ಕೆ ಹೋಗಲಿ. ಅಜ್ಜಿಯ ಸೀರೆ ಕಣ್ಣಿಗೂ ಕಾಣಬೇಕು ಅನ್ನಿಸಿದರೆ, ಮೇಲ್ಪದರ ಪೂರ್ತಿ ಹಳೆ ಬಟ್ಟೆಯಲ್ಲೇ ಮಾಡಿ.

ಕೊಂಡ ಮೇಲೆ

ಎಲ್ಲ ಬಟ್ಟೆಯನ್ನೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಬಿಗಿಯಾದ ಅಂಚನ್ನು ಅರ್ಧ ಇಂಚು ಕತ್ತರಿಸಿ ತೆಗೆದು, ಆಮೇಲೆ ಚೌಕ ಕತ್ತರಿಸಿ. ಅಡಿ ಬಟ್ಟೆಯನ್ನೂ ಒಗೆಯಬೇಕು. ಅದನ್ನು ಮರೆಯುವವರೇ ಜಾಸ್ತಿ.

ಮಿಕ್ಕ ಮೂರು ಚೌಕಗಳನ್ನು ಬೀರುವಿನಲ್ಲಿ ಇಡಬೇಡಿ. ದಿನಾ ಉಪಯೋಗಿಸುವ ದಿಂಬಿನ ಕವರಿನ ಒಳಬದಿಗೆ ದೊಡ್ಡ ಹೊಲಿಗೆ ಹಾಕಿ ಅಂಟಿಸಿಡಿ. ಕೌದಿಯ ಜೊತೆ ಅವೂ ಒಗೆತ ಕಂಡು ಹಳತಾಗುತ್ತವೆ. ಐದು ವರ್ಷದ ಮೇಲೆ ಎಲ್ಲಾದರೂ ಹರಿದು ತೇಪೆ ಹಾಕಬೇಕಾದಾಗ ಬಣ್ಣ ಹೊಂದುತ್ತದೆ.