ಹಳೇ ವಿಂಚ್ ಕೊಳ್ಳುವಾಗ ನಾನು ಏನೇನು ನೋಡಿದೆ

ವಿಂಚ್ ಅಂದರೆ ಗಾಡಿಯ ಮೂತಿಗೆ ಕೂರಿಸುವ ಎಳೆಯುವ ಯಂತ್ರ: ಬ್ಯಾಟರಿಯಿಂದ ತಿರುಗುವ ಮೋಟಾರ್, ಡ್ರಮ್ ಅನ್ನುವ ಉರುಳೆಗೆ ಹಗ್ಗವನ್ನೋ ಸ್ಟೀಲ್ ಕೇಬಲನ್ನೋ ಸುತ್ತಿಕೊಂಡು ಹೂತ ಗಾಡಿಯನ್ನು ಎಳೆಯುತ್ತದೆ. ಅದನ್ನು ಕೆಡಿಸುವುದು ಮುಖ್ಯವಾಗಿ ಎರಡು: ನೀರು, ಬಿಸಿ. ಎಷ್ಟು ಗಾಡಿ ಎಳೆದಿದೆ ಅನ್ನುವುದಕ್ಕಿಂತ ಎಷ್ಟು ಸಲ ಮುಳುಗಿದೆ, ಮುಳುಗಿದ ಮೇಲೆ ಯಾರಾದರೂ ಬಿಚ್ಚಿ ಒಣಗಿಸಿದ್ದಾರಾ, ಬಿಡುವು ಕೊಡದೆ ಎಳೆಸಿ ಮೋಟಾರ್ ಸುಟ್ಟಿದ್ದಾರಾ ಅನ್ನುವುದನ್ನು ನೋಡಬೇಕು. ನನ್ನ ಜಿಪ್ಸಿಗೆ ಸೆಕೆಂಡ್ ಹ್ಯಾಂಡ್ ವಿಂಚ್ ಹುಡುಕಲು ಹೊರಟಾಗ ತಲೆಯಲ್ಲಿ ಇದ್ದದ್ದು ಇಷ್ಟೇ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಟಾರ್ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮಳೆಗಾಲ ಪೂರ್ತಿ ಜೇಡಿಮಣ್ಣಿನ ಏರು. ಫೋರ್ ವೀಲ್ ಹಾಕಿದರೂ ಗಾಡಿ ಮೆಲ್ಲಗೆ ಚರಂಡಿ ಕಡೆಗೆ ಜಾರುತ್ತದೆ. ಪಕ್ಕದ ತೋಟದವರ ಟ್ರ್ಯಾಕ್ಟರ್ ಕರೆಸಬಹುದು, ಕರೆಸುತ್ತಲೂ ಇದ್ದೆವು. ಆದರೆ ಕತ್ತಲಾದ ಮೇಲೆ, ಗಾಡಿಯೊಳಗೆ ಹುಷಾರಿಲ್ಲದವರು ಕೂತಿರುವಾಗ, ಫೋನಿಗೆ ಟವರ್ ಸಿಗದ ಜಾಗದಲ್ಲಿ ಟ್ರ್ಯಾಕ್ಟರ್ ನಂಬಿಕೊಂಡು ಕೂರಲಾಗುವುದಿಲ್ಲ. ಹೊಸ ವಿಂಚಿನ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ.

ವಿಂಚಿನ ಎಳೆಯುವ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ; ಮೊದಲು ಎಷ್ಟು ಪೌಂಡಿನದು ಬೇಕು ಅಂತ ನಿಗದಿ ಮಾಡಿಕೊಂಡೆ. ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವಂತಿರಬೇಕು ಅನ್ನುವುದು ಎಲ್ಲರೂ ಹಿಡಿಯುವ ಲೆಕ್ಕ. ಖಾಲಿ ಜಿಪ್ಸಿ ಸುಮಾರು ಒಂದು ಟನ್. ಜನ, ಗೊಬ್ಬರದ ಚೀಲ ಸೇರಿ ಒಂದೂವರೆ ಟನ್ ಅಂದುಕೊಂಡರೆ 2,250 ಕೆಜಿ, ಅಂದರೆ ಹತ್ತಿರ ಹತ್ತಿರ 5,000 ಪೌಂಡ್. ಆದರೆ ವಿಂಚಿನ ಮೇಲೆ ಬರೆದಿರುವ ಸಂಖ್ಯೆ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ ಅನ್ವಯ. ಹಗ್ಗ ಒಂದರ ಮೇಲೊಂದು ಸುತ್ತಿಕೊಂಡ ಹಾಗೆಲ್ಲ ಎಳೆಯುವ ಬಲ ಇಳಿಯುತ್ತದೆ. ಕೊನೆಯ ಪದರಕ್ಕೆ ಬರುವಷ್ಟರಲ್ಲಿ ಮೂರನೇ ಒಂದು ಪಾಲು ಹೋಗಿರುತ್ತದೆ. ಹಾಗಾಗಿ 8,000 ಪೌಂಡ್ ಅಂತ ಗಟ್ಟಿ ಮಾಡಿಕೊಂಡೆ. 12,000 ಪೌಂಡಿನವು ಅದೇ ಬೆಲೆಗೆ ಸಿಗುತ್ತಿದ್ದವು, ಬೇಡ ಅಂದೆ. ಜಿಪ್ಸಿಗೆ ಮುಂದೆಯೂ ಇರುವುದು ಲೀಫ್ ಸ್ಪ್ರಿಂಗ್. ಬೇಕಾದ್ದಕ್ಕಿಂತ ಹೆಚ್ಚಿನ ಭಾರವನ್ನು ಮೂತಿಗೆ ನೇತುಹಾಕಿದರೆ ಪಟ್ಟಿ ಕೂತುಬಿಡುತ್ತವೆ.

ಹಳೇ ವಿಂಚುಗಳು ಬರುವುದು ಎರಡು ಕಡೆಯಿಂದ. ಒಂದು, ಗಾಡಿಯ ಅಂದಕ್ಕೆ ಹಾಕಿಸಿಕೊಂಡು ಯಾವತ್ತೂ ಬಳಸದವರು. ಇನ್ನೊಂದು, ಸ್ಪರ್ಧೆಗೆ ಹೋಗುವವರು. ಗೋವಾದಲ್ಲಿ 2014ರಲ್ಲಿ ಶುರುವಾದ ರೈನ್‌ಫಾರೆಸ್ಟ್ ಚಾಲೆಂಜ್ ಇಂಡಿಯಾದಂಥ, ಕೆಸರಿನಲ್ಲಿ ಗಾಡಿ ಓಡಿಸುವ ಮಳೆಗಾಲದ ಸ್ಪರ್ಧೆಗಳಿಗೆ ಇಳಿಯುವವರು ಮುಂದಿನ ಸೀಸನ್ನಿಗೆ ಇನ್ನೂ ವೇಗದ್ದು ಬೇಕೆಂದು ಹಳೆಯದನ್ನು ಮಾರುತ್ತಾರೆ. ಬಳಸದೇ ಇದ್ದದ್ದೇ ಒಳ್ಳೆಯದು ಅಂತ ಅನಿಸುವುದು ಸಹಜ. ನನಗೆ ಹಾಗನ್ನಿಸಲಿಲ್ಲ. ವರ್ಷಗಟ್ಟಲೆ ಮಳೆ ಬಿಸಿಲಿಗೆ ಸುಮ್ಮನೆ ಕೂತ ವಿಂಚಿನಲ್ಲಿ ಗ್ರೀಸ್ ಗಟ್ಟಿಯಾಗಿರುತ್ತದೆ, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಹೋಲ್ಡರಿನಲ್ಲೇ ಕಚ್ಚಿಕೊಂಡಿರುತ್ತದೆ, ಡ್ರಮ್ಮನ್ನು ಗೇರಿನಿಂದ ಬಿಡಿಸುವ ಕ್ಲಚ್ ಲಿವರ್ ಅಲುಗುವುದಿಲ್ಲ. ಸ್ಪರ್ಧೆಯವರಲ್ಲಿ ಕೆಲವರು ಪ್ರತಿ ಸಲವೂ ಬಿಚ್ಚಿ ತೊಳೆದು ಗ್ರೀಸ್ ಮಾಡಿರುತ್ತಾರೆ. ಅಂಥವರ ಕೈಯಿಂದ ಬಂದದ್ದನ್ನು ಕಣ್ಣುಮುಚ್ಚಿ ಅಲ್ಲದಿದ್ದರೂ ನೆಮ್ಮದಿಯಿಂದ ಕೊಳ್ಳಬಹುದು.

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಬೆಂಗಳೂರಿಗೆ ಜೊತೆಗೆ ಕರೆದುಕೊಂಡು ಹೋದೆ. ಸ್ಟಾರ್ಟರ್ ಮೋಟಾರ್ ರಿಪೇರಿಯಲ್ಲಿ ಪಳಗಿದ ಕೈ ಅವರದು. ವಿಂಚಿನ ಮೋಟಾರೂ ಹೆಚ್ಚುಕಡಿಮೆ ಅದೇ ಜಾತಿಯದು. ಮೊದಲು ನೋಡಿದ ಕಡೆ ಮಾರುವವರು, ‘ಬಿಚ್ಚಿದ್ರೆ ನೀವೇ ತಗೋಬೇಕಾಗತ್ತೆ’ ಅಂದರು. ನಮಸ್ಕಾರ ಹೇಳಿ ಹೊರಟೆವು. ಇನ್ನೊಬ್ಬರ ವಿಂಚ್ ಇನ್ನೂ ಅವರ ಥಾರ್ ಮೇಲೇ ಇತ್ತು. ‘ಮೋಟಾರ್ ಬಿಚ್ಚಿ ನೋಡಬಹುದಾ ಸರ್?’ ಅಂದಿದ್ದಕ್ಕೆ, ‘ನೋಡಿ ಸರ್, ಸ್ಪ್ಯಾನರ್ ನಾನೇ ಕೊಡ್ತೀನಿ’ ಅಂತ ಒಳಗೆ ಹೋಗಿ ಟೂಲ್ ಬಾಕ್ಸ್ ತಂದಿಟ್ಟರು. ಅರ್ಧ ವ್ಯಾಪಾರ ಅಲ್ಲೇ ಮುಗಿದ ಹಾಗಾಯಿತು.

ಮೋಟಾರಿನ ಹಿಂದಿನ ಮುಚ್ಚಳವನ್ನು ಹಿಡಿದಿರುವುದು ಎರಡು ಉದ್ದನೆಯ ಬೋಲ್ಟ್. ಮುಚ್ಚಳ ತೆಗೆದಾಗ ಒಳಗೆ ಒಣ ಕರಿ ಪುಡಿ ಇತ್ತು. ಅದು ಬ್ರಷ್ ಸವೆದ ಪುಡಿ, ಅದರಿಂದ ತೊಂದರೆಯಿಲ್ಲ. ಕೆಂಪು ಕೆಸರಿನಂಥದ್ದು ಮೆತ್ತಿಕೊಂಡಿದ್ದರೆ ನೀರು ಹೊಕ್ಕಿ ತುಕ್ಕು ಹಿಡಿದಿದೆ ಅಂತ ಅರ್ಥ. ಮೋಟಾರಿನ ಒಳಗೆ ತಿರುಗುವ ಆರ್ಮೇಚರಿನ ಮೇಲೆ ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳು ಹದವಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕಿದ್ದವು, ಸುತ್ತಲೂ ಒಂದೇ ಸಮ. ನಮ್ಮ ಎಲೆಕ್ಟ್ರಿಷಿಯನ್ ಮೂಗು ಹತ್ತಿರ ತಂದು ಮೂಸಿ ನೋಡಿ, ‘ವೈಂಡಿಂಗ್ ಸುಟ್ಟಿಲ್ಲ ಅಣ್ಣ’ ಅಂದರು. ಬ್ರಷ್ಷುಗಳು ಮಾತ್ರ ಅರ್ಧ ಸವೆದಿದ್ದವು.

ಆಮೇಲೆ ಬ್ರೇಕ್, ಅಂದರೆ ಸ್ವಿಚ್ ಬಿಟ್ಟಾಗ ಭಾರ ಜಾರದ ಹಾಗೆ ಡ್ರಮ್ಮನ್ನು ಹಿಡಿಯುವುದು. ವಿಂಚನ್ನು ನೆಲದ ಮೇಲಿಟ್ಟು ತಿರುಗಿಸಿ ತೋರಿಸಿದರೆ ಏನೂ ಗೊತ್ತಾಗುವುದಿಲ್ಲ, ಭಾರ ಹಾಕಲೇಬೇಕು. ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಅದಕ್ಕೆ ಒದಗಿತು. ಮೇಲೆ ಸಮತಟ್ಟಿನಲ್ಲಿ ಥಾರ್, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು. ಕೆಳಗೆ ನನ್ನ ಜಿಪ್ಸಿ ನ್ಯೂಟ್ರಲ್‌ನಲ್ಲಿ, ನಾನು ಸ್ಟೀರಿಂಗ್ ಹಿಡಿದು, ಬ್ರೇಕ್ ಪೆಡಲಿನ ಮೇಲೆ ಕಾಲು ಸಿದ್ಧವಾಗಿಟ್ಟು. ಹಗ್ಗದ ನೇರಕ್ಕೆ ಯಾರೂ ನಿಲ್ಲದ ಹಾಗೆ ನೋಡಿಕೊಂಡೆವು. ಅರ್ಧ ದಾರಿಯಲ್ಲಿ ಸ್ವಿಚ್ ಬಿಟ್ಟಾಗ ಡ್ರಮ್ಮಿನ ಅಂಚಿಗೆ ಸೀಮೆಸುಣ್ಣದ ಗೆರೆ ಹಾಕಿದರು. ಜಿಪ್ಸಿ ತೂಗುತ್ತಿದ್ದರೂ ಗೆರೆ ಕದಲಲಿಲ್ಲ. ನಂತರ ಭಾರದ ಮೇಲೇ ಸ್ವಲ್ಪ ದೂರ ಕೆಳಕ್ಕೆ ಬಿಟ್ಟು, ಗಾಡಿ ನಿಲ್ಲಿಸಿ ಹಗ್ಗ ಸಡಿಲವಾದ ಮೇಲೆ ಡ್ರಮ್ ಮುಟ್ಟಿ ನೋಡಿದೆವು. ಬಹಳಷ್ಟು ವಿಂಚುಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುವುದರಿಂದ ಬಿಸಿ ಅಲ್ಲೇ ಗೊತ್ತಾಗುತ್ತದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಭಾರವಿಲ್ಲದೆ ಸುತ್ತುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂತಲೂ ಅಳೆದೆವು. ಮನೆ ವೈರಿಂಗ್ ಮಾಡುವವರ ಹತ್ತಿರ ಇರುವ ಕ್ಲ್ಯಾಂಪ್ ಮೀಟರ್ ಹೆಚ್ಚಾಗಿ ಎಸಿ ಮಾತ್ರ ಅಳೆಯುತ್ತದೆ, ಡಿಸಿ ಅಳೆಯುವಂಥದ್ದೇ ಬೇಕು. 60–80 ಆಂಪಿಯರ್ ಆಸುಪಾಸು ತೋರಿಸಿದರೆ ಸರಿ. ಅದಕ್ಕಿಂತ ತುಂಬಾ ಮೇಲೆ ಹೋದರೆ ಒಳಗೆ ಎಲ್ಲೋ ಹಿಡಿಯುತ್ತಿದೆ. ಕಂಟ್ರೋಲ್ ಬಾಕ್ಸಿನಲ್ಲಿ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್‌ಗಳಾದ ಸೊಲೆನಾಯ್ಡ್‌ಗಳಲ್ಲಿ ಒಂದು ‘ಕ್ಲಿಕ್’ ಅಂತ ಸದ್ದು ಮಾಡಿದರೂ ಕೆಲವೊಮ್ಮೆ ಡ್ರಮ್ ತಿರುಗುತ್ತಿರಲಿಲ್ಲ. ಒಳಗಿನ ಪಾಯಿಂಟ್ ಸುಟ್ಟಿತ್ತು. ಸ್ಟೀಲ್ ಕೇಬಲ್ ಮೇಲ್ಪದರದಲ್ಲಿ ಚೆನ್ನಾಗಿ ಕಂಡರೂ ಪೂರ್ತಿ ಬಿಚ್ಚಿ ನೋಡಿದರೆ ಒಳಗಡೆ ಎಳೆಗಳು ಕಿತ್ತು ನಿಂತಿದ್ದವು, ಒಂದು ಕಡೆ ಮಡಿಕೆ ಬಿದ್ದಿತ್ತು. ಸೊಲೆನಾಯ್ಡ್, ಕೇಬಲ್, ಬ್ರಷ್ ಮೂರನ್ನೂ ತೋರಿಸಿ ಬೆಲೆ ಇಳಿಸಿದೆ. ಅವರೂ ಒಪ್ಪಿಕೊಂಡರು. ಹೊಸದರ ಅರ್ಧಕ್ಕಿಂತ ಕಡಿಮೆಗೆ ಮುಗಿಯಿತು.

ಉಳಿದ ದುಡ್ಡನ್ನು ನಾನು ಉಳಿಸಲಿಲ್ಲ, ಹಾಕಬೇಕಾದ ಕಡೆ ಹಾಕಿದೆ. ಪೂರ್ತಿ ಭಾರದಲ್ಲಿ ಇಂಥ ವಿಂಚ್ 400 ಆಂಪಿಯರ್ ಹತ್ತಿರ ಕೇಳುತ್ತದೆ. ಜಿಪ್ಸಿಯ ಆಲ್ಟರ್ನೇಟರ್ ಅದರ ಸಣ್ಣ ಪಾಲನ್ನಷ್ಟೇ ಕೊಡಬಲ್ಲದು, ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಬರಬೇಕು. ಅದಕ್ಕೇ ದೊಡ್ಡ ಬ್ಯಾಟರಿ, ದಪ್ಪ ತಾಮ್ರದ ವೈರ್, ಕೈಗೆ ಸಿಗುವ ಜಾಗದಲ್ಲಿ ಕರೆಂಟ್ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್. ಅರ್ಥ್ ವೈರನ್ನು ಚಾಸಿಸ್‌ಗೆ ಬಿಡದೆ ನೇರ ಬ್ಯಾಟರಿಗೇ ತಂದೆವು. ಕೇಬಲ್ ಬದಲು ಸಿಂಥೆಟಿಕ್ ಹಗ್ಗ ಹಾಕಿದೆ: ಆರೇಳು ಕೆಜಿ ಇಳಿಯಿತು, ತುಂಡಾದರೂ ಸ್ಟೀಲಿನಷ್ಟು ಅಪಾಯವಾಗಿ ಹಾರಿ ಹೊಡೆಯುವುದಿಲ್ಲ. ಆದರೆ ಡ್ರಮ್ಮಿನ ಮುಂದೆ ಹಗ್ಗಕ್ಕೆ ದಾರಿ ಕೊಡುವ, ಸ್ಟೀಲ್ ಓಡಿದ ರೋಲರ್ ಮೇಲೆ ಗೀರುಗಳಿರುತ್ತವೆ, ಅವು ಸಿಂಥೆಟಿಕ್ ಹಗ್ಗವನ್ನು ಕೊಯ್ಯುತ್ತವೆ. ರೋಲರ್ ತೆಗೆಸಿ ಅದರ ಜಾಗದಲ್ಲಿ ನುಣುಪು ಬಾಯಿಯ ಅಲ್ಯೂಮಿನಿಯಂ ಫೇರ್‌ಲೀಡ್ ಹಾಕಿಸಿ, ಡ್ರಮ್ಮನ್ನು ಎಮರಿ ಪೇಪರಿನಲ್ಲಿ ಉಜ್ಜಿದೆ. ಮರಕ್ಕೆ ಸುತ್ತುವ ಅಗಲದ ಪಟ್ಟಿ, ಜೋಡಿಸುವ ಕೊಂಡಿಗಳಾದ ಎರಡು ಶಾಕಲ್, ಹಗ್ಗ ಹಾಯಿಸುವ ರಾಟೆಯಾದ ಒಂದು ಸ್ನ್ಯಾಚ್ ಬ್ಲಾಕ್ ತಂದೆ. ಸ್ನ್ಯಾಚ್ ಬ್ಲಾಕ್ ಹಾಕಿ ಹಗ್ಗವನ್ನು ಗಾಡಿಗೇ ವಾಪಸ್ ತಂದರೆ ವೇಗ ಅರ್ಧವಾಗಿ ಬಲ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ಮೋಟಾರಿಗೂ ಬ್ಯಾಟರಿಗೂ ಹೊರೆ ಕಡಿಮೆ. ನಮ್ಮ ಏರಿನಲ್ಲಿ ಸಿಲ್ವರ್ ಓಕ್ ಮರಗಳು ಸಾಲಾಗಿರುವುದರಿಂದ ಕಟ್ಟಲು ಜಾಗಕ್ಕೆ ಬರವಿಲ್ಲ. ಎಳೆಯ ಮರ ಬಿಟ್ಟು ದಪ್ಪ ಬುಡ ನೋಡಿ, ನೆಲಕ್ಕೆ ಹತ್ತಿರ ಕಟ್ಟುತ್ತೇವೆ. ಡ್ರಮ್ಮಿನ ಮೇಲೆ ಎಂಟು ಹತ್ತು ಸುತ್ತಾದರೂ ಉಳಿದಿರಲೇಬೇಕು.

ಗಾಡಿಯ ಮುಂದೆ ಬುಲ್ ಬಾರ್ ಅನ್ನುವ ಕಬ್ಬಿಣದ ಗಾರ್ಡ್ ಕಟ್ಟಿಸಲಿಲ್ಲ. ಅಂಥ ಗಾರ್ಡುಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಚಾಸಿಸ್ ತುದಿಗೆ ಒಂದು ದಪ್ಪ ಪ್ಲೇಟ್ ಮಾಡಿಸಿ, ವಿಂಚನ್ನು ನಾಲ್ಕು ಬೋಲ್ಟಿನಲ್ಲಿ ಕೂರಿಸಿದೆ. ಈ ಗಾತ್ರದ ಬಹುಪಾಲು ವಿಂಚುಗಳಿಗೆ ಬೋಲ್ಟಿನ ಅಂತರ 254 ಮತ್ತು 114 ಮಿ.ಮೀ., ಹಾಗಾಗಿ ಮುಂದೆ ಬೇರೆಯದು ತಂದರೂ ಅದೇ ಪ್ಲೇಟ್ ನಡೆಯುತ್ತದೆ.

ಮಳೆಗಾಲ ಮುಗಿದ ಮೇಲೆ ಬಿಚ್ಚಿ ಷೆಡ್ಡಿನಲ್ಲಿಡುತ್ತೇನೆ. ಹಗ್ಗವನ್ನು ಬಕೆಟ್ ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿ ನೆರಳಲ್ಲಿ ಒಣಗಿಸುತ್ತೇನೆ. ತಿಂಗಳಿಗೊಮ್ಮೆ ಬ್ಯಾಟರಿ ಕೊಟ್ಟು ಎರಡೂ ಕಡೆಗೆ ತಿರುಗಿಸಿದರೆ ಬ್ರಷ್ ಕಚ್ಚಿಕೊಳ್ಳುವುದಿಲ್ಲ. ಗೇರ್ ಕಡೆಯ ಮುಚ್ಚಳ ತೆಗೆದು ಗ್ರೀಸ್ ನೋಡುತ್ತೇನೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ, ಪೂರ್ತಿ ಒರೆಸಿ ಹೊಸದು ತುಂಬಬೇಕು.