ಫೋಟೋದಿಂದಲೇ ವೆಬ್‌ಸೈಟಿಗೆ ಗ್ರೇಡಿಯಂಟ್ ತೆಗೆಯುವುದು ಹೇಗೆ?

ಕಾಪು ಕಡಲತೀರದ ಸೂರ್ಯಾಸ್ತದ ಫೋಟೋ ಇದೆ ಅಂದುಕೊಳ್ಳಿ. ಮೇಲೆ ನೀಲಿ, ಕೆಳಗೆ ಕಿತ್ತಳೆ. ಅದೇ ಬಣ್ಣ ವೆಬ್‌ಸೈಟಿನ ಹಿನ್ನೆಲೆಗೂ ಬೇಕು. ಫೋಟೋವನ್ನೇ ಹಾಕಿದರೆ ಪುಟ ಭಾರ. ಗ್ರೇಡಿಯಂಟ್ ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವುದು. ವೆಬ್ ಪುಟದ ಅಂದ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಅದು ಒಂದೇ ಸಾಲಿನ ಕೋಡ್, ನೆಟ್ ನಿಧಾನವಿದ್ದರೂ ತಟ್ಟನೆ ಕಾಣಿಸುತ್ತದೆ.

ಸುಮ್ನೆ ಎರಡು ಕಡೆ ಕ್ಲಿಕ್ ಮಾಡಿ ಬಣ್ಣ ಆರಿಸಿದರೆ ಸಾಲದು. ಜೆಪೆಗ್ ಫೋಟೋದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣವೇ ಬೇರೆ ಬೇರೆ ಇರುತ್ತದೆ. ನಮಗೆ ಬೇಕಿರುವುದು ಸರಾಸರಿ.

ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಫೋಟೋದ ಒಂದು ಪ್ರತಿ ತೆರೆಯಿರಿ. ಜನ, ದೋಣಿ ಬಿಟ್ಟು ಆಕಾಶವನ್ನಷ್ಟೇ ಕ್ರಾಪ್ ಮಾಡಿಕೊಳ್ಳಿ. ‘ಇಮೇಜ್’ ಮೆನುವಿನಲ್ಲಿ ‘ಸ್ಕೇಲ್ ಇಮೇಜ್’ ಒತ್ತಿ. ಅಗಲ, ಎತ್ತರದ ಪಕ್ಕದಲ್ಲಿರುವ ಸರಪಳಿ ಗುರುತನ್ನು ಬಿಡಿಸಿ, ಅಗಲ 1, ಎತ್ತರ 5 ಪಿಕ್ಸೆಲ್ ಕೊಡಿ. ಅಲ್ಲೇ ಇರುವ ‘ಇಂಟರ್‌ಪೊಲೇಷನ್’ ಆಯ್ಕೆ ‘ನನ್’ (None) ಎಂದಿದ್ದರೆ ಬದಲಿಸಿ, ಇಲ್ಲದಿದ್ದರೆ ಸರಾಸರಿ ಸಿಗುವುದಿಲ್ಲ. ಈಗ ಇಡೀ ಆಕಾಶ ಐದೇ ಚುಕ್ಕಿ! ಜೂಮ್ ಮಾಡಿ, ಕಲರ್ ಪಿಕ್ಕರ್‌ನಿಂದ ಐದರ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎನ್ನುವ) ಸಂಖ್ಯೆಗಳನ್ನೂ ಬರೆದುಕೊಳ್ಳಿ.

ಇವನ್ನು ಸಿಎಸ್‌ಎಸ್‌ನ ಲೀನಿಯರ್ ಗ್ರೇಡಿಯಂಟ್‌ನಲ್ಲಿ (linear-gradient) ಅದೇ ಕ್ರಮದಲ್ಲಿ ಹಾಕಿ. ದಿಕ್ಕು ಹೇಳದಿದ್ದರೆ ಬಣ್ಣ ಮೇಲಿನಿಂದ ಕೆಳಕ್ಕೆ ಬರುತ್ತದೆ. ಪ್ರತಿ ಚುಕ್ಕಿಯೂ ಆಕಾಶದ ಐದನೇ ಒಂದು ಭಾಗದ ಸರಾಸರಿ, ಅಲ್ವಾ? ಹಾಗಾಗಿ ಜಾಗವನ್ನು ಆಯಾ ಭಾಗದ ನಡುವಿಗೆ, ಅಂದರೆ 10%, 30%, 50%, 70%, 90% ಎಂದು ಕೊಟ್ಟರೆ ಫೋಟೋಗೆ ಹತ್ತಿರ ಬರುತ್ತದೆ.

ಎರಡೇ ಬಣ್ಣ ಸಾಕಲ್ಲ ಅನ್ನಿಸಬಹುದು. ಸಾಲದು. ಕಿತ್ತಳೆ 255, 140, 0. ನೀಲಿ 0, 115, 255 ತೆಗೆದುಕೊಳ್ಳಿ. ಎರಡರ ಸರಾಸರಿ ಮೂರೂ ಕಡೆ 127.5. ಅಂದರೆ ನಟ್ಟನಡುವೆ ಬೂದು ಪಟ್ಟಿ! ಸಂಜೆ ಆಕಾಶದ ಗುಲಾಬಿಯೇ ಮಾಯ. ಫೋಟೋದ ನಡುವಿನ ಬಣ್ಣಗಳನ್ನು ಬಿಡಬೇಡಿ ಎನ್ನುವುದು ಇದಕ್ಕೇ.

ಅಕ್ಷರ ಓದಲು ಬರಬೇಕಲ್ಲ, ಅದನ್ನೂ ನೋಡಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಬೆಳಕಿನ ಅನುಪಾತ, ಕನಿಷ್ಠ 4.5 ಇರಬೇಕೆಂದು ವೆಬ್ ಮಾನದಂಡ ಹೇಳುತ್ತದೆ. ಆಗ ಹೇಳಿದ ಕಿತ್ತಳೆಯ ಮೇಲೆ ಬಿಳಿ ಅಕ್ಷರಕ್ಕೆ ಸಿಗುವುದು ಸುಮಾರು 2.3, ಕಪ್ಪಿಗೆ 9. ಅಕ್ಷರದ ಹಿಂದೆ ಬರುವ ಪ್ರತಿ ಬಣ್ಣವನ್ನೂ ಹೀಗೆ ಪರೀಕ್ಷಿಸಿ.

ಫೋಟೋ ಹಾಕಲೇಬೇಕು ಅಂತಿದ್ದರೂ ಗ್ರೇಡಿಯಂಟ್ ದಂಡವಲ್ಲ. ಸಿಎಸ್‌ಎಸ್‌ನ ಬ್ಯಾಕ್‌ಗ್ರೌಂಡ್ ಇಮೇಜ್‌ನಲ್ಲಿ (background-image) ಮೊದಲು ಫೋಟೋ, ಅಲ್ಪವಿರಾಮ, ಆಮೇಲೆ ಗ್ರೇಡಿಯಂಟ್ ಬರೆಯಿರಿ. ಮೊದಲು ಬರೆದದ್ದು ಮೇಲಿನ ಪದರವಾಗುತ್ತದೆ. ಫೋಟೋ ಬರುವವರೆಗೆ ಖಾಲಿ ಪುಟದ ಬದಲು ಅದರದ್ದೇ ಬಣ್ಣ ಕಾಣಿಸುತ್ತಿರುತ್ತದೆ.