ರ‍್ಯಾಮ್ ಕೂರಿಸುವಾಗ ಎರಡು, ನಾಲ್ಕರ ಲೆಕ್ಕ

ಅಕ್ಕನ ಮಗನ ಹೊಸ ಕಂಪ್ಯೂಟರಿನಲ್ಲಿ 8 ಜಿಬಿಯ ಎರಡು ರ‍್ಯಾಮ್ ಇದ್ದರೂ ಗೇಮ್ ತಡವರಿಸುತ್ತಿತ್ತು. ಕ್ಯಾಬಿನೆಟ್ ಬಿಚ್ಚಿದರೆ, ಜೋಡಿಸಿಕೊಟ್ಟವರು ಎರಡನ್ನೂ ಅಕ್ಕಪಕ್ಕದ ಒಂದು, ಎರಡನೇ ಸ್ಲಾಟಿಗೆ ಹಾಕಿದ್ದರು. ಮೊದಲನೆಯದನ್ನು ಕಿತ್ತು ನಾಲ್ಕನೆಯದಕ್ಕೆ ಹಾಕಿದೆ, ಅಷ್ಟೇ ರಿಪೇರಿ.

ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಅವೇ ಚಾನೆಲ್ಲುಗಳು. ಡಿಡಿಆರ್4 ತಲೆಮಾರಿನ, 3200 ವೇಗದ ರ‍್ಯಾಮ್ ಒಂದೇ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು. ಎರಡೂ ತೆರೆದರೆ 51.2. ನಾಲ್ಕು ಸ್ಲಾಟಿನ ಹೆಚ್ಚಿನ ಮದರ್‌ಬೋರ್ಡುಗಳಲ್ಲಿ ಒಂದು, ಎರಡನೇ ಸ್ಲಾಟುಗಳು ಒಂದು ದಾರಿಗೆ, ಮೂರು, ನಾಲ್ಕನೆಯವು ಇನ್ನೊಂದಕ್ಕೆ ಸೇರಿದವು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಇದರ ಪೆಟ್ಟು ಜಾಸ್ತಿ, ಏಕೆಂದರೆ ಚಿತ್ರ ಬಿಡಿಸುವ ಕೆಲಸವೂ ಇದೇ ರ‍್ಯಾಮಿನ ಮೇಲೆ ಬೀಳುತ್ತದೆ.

ಕೊಳ್ಳುವಾಗ ಒಂದೇ ಪ್ಯಾಕಿನ ಜೋಡಿ ತನ್ನಿ. ಬೋರ್ಡು ಡಿಡಿಆರ್4 ಕೇಳುತ್ತದೋ ಡಿಡಿಆರ್5 ಕೇಳುತ್ತದೋ ಮೊದಲೇ ನೋಡಿಕೊಳ್ಳಿ. ಎರಡಕ್ಕೂ 288 ಪಿನ್ನುಗಳೇ ಇದ್ದರೂ ನಡುವಿನ ಕಚ್ಚಿನ ಜಾಗ ಬೇರೆ, ಒಂದು ಇನ್ನೊಂದರಲ್ಲಿ ಕೂರುವುದಿಲ್ಲ.

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ನಾಲ್ಕೈದು ಸೆಕೆಂಡು ಒತ್ತಿ ಹಿಡಿಯಿರಿ. ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಳ್ಳಿ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟು ಹುಡುಕಿ. ಬೋರ್ಡಿನ ಮೇಲೆ ಎ2, ಬಿ2 ಎಂದು ಅಚ್ಚಾಗಿರುತ್ತದೆ. ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ. ಕ್ಲಿಪ್ ತೆರೆದು, ಕಚ್ಚು ಹೊಂದಿಸಿ, ಎರಡೂ ತುದಿಯನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಿ. ಬೋರ್ಡು ಮುರಿದೀತೇನೋ ಎನಿಸುವ ಹೊತ್ತಿಗೆ ‘ಟಕ್’ ಎನ್ನುತ್ತದೆ. ಕೆಲವು ಬೋರ್ಡುಗಳಲ್ಲಿ ಒಂದೇ ಬದಿಗೆ ಕ್ಲಿಪ್ ಇರುತ್ತದೆ, ಇನ್ನೊಂದು ಮುರಿದುಹೋಗಿದೆ ಅಂದುಕೊಳ್ಳಬೇಡಿ.

ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ರ‍್ಯಾಮನ್ನು ಬೋರ್ಡು ಪಳಗಿಸಿಕೊಳ್ಳುತ್ತಿರುತ್ತದೆ, ಗಾಬರಿಬಿದ್ದು ಆಫ್ ಮಾಡಬೇಡಿ.

ಬಹಳ ಜನ ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಪ್ಯಾಕಿನ ಮೇಲೆ 3200 ಎಂದಿದ್ದರೂ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರಬಹುದು. ಬೋರ್ಡಿನ ಸೆಟ್ಟಿಂಗುಗಳ ಪರದೆಯಾದ ಬಯಾಸ್‌ಗೆ ಹೋಗಿ, ಪ್ಯಾಕಿನ ಮೇಲಿನ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಆನ್ ಮಾಡಿ; ಎಎಂಡಿಯ ಡಿಡಿಆರ್5 ಬೋರ್ಡಾದರೆ ಎಕ್ಸ್‌ಪೋ ಎಂದಿರುತ್ತದೆ. ಆಮೇಲೆ ಕಂಪ್ಯೂಟರ್ ತಾನಾಗಿ ನಿಲ್ಲತೊಡಗಿದರೆ ಒಂದು ಮೆಟ್ಟಿಲು ವೇಗ ಇಳಿಸಿ.

ಕೊನೆಗೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿ. ಅಲ್ಲಿ 1600 ಕಂಡರೆ ಅಂಗಡಿಯವರ ಜತೆ ಜಗಳಕ್ಕೆ ಹೋಗಬೇಡಿ. ಡಿಡಿಆರ್ ಒಂದೊಂದು ಬಡಿತಕ್ಕೂ ಎರಡು ಸಲ ಮಾಹಿತಿ ಸಾಗಿಸುತ್ತದೆ. ಆ 1600ರ ಇಮ್ಮಡಿಯೇ ನೀವು ದುಡ್ಡು ಕೊಟ್ಟ 3200.